ಹೆಸರುಳ್ಳ ಶೋಕ, ಹೆಸರಿಲ್ಲದ ಶೋಕ: ‘ಫ್ಯಾರನ್‌ಹೀಟ್ 9/11’ ಮತ್ತು ಅದರ ನೋಡುಗರು

ಯುದ್ಧವನ್ನು ಕುರಿತ ರಾಜಕೀಯ ಸಾಕ್ಷ್ಯಚಿತ್ರಗಳ ಚರ್ಚೆಯಲ್ಲಿ ನೋಡುಗನ ಸ್ವಂತ ಪ್ರತಿಕ್ರಿಯೆಗೆ ದೊರೆಯುವ ಸ್ಥಾನ ಬಹಳ ಕೆಳಗಿನದು. ಚಿತ್ರ ಕೊಡುವ ಮಾಹಿತಿ ಸರಿಯೋ ತಪ್ಪೋ ಎಂಬುದನ್ನು ಪತ್ರಕರ್ತರು ಪರೀಕ್ಷಿಸುತ್ತಾರೆ, ಅದರ ಬಂಧವನ್ನು ವಿಮರ್ಶಕರು ವಿವರಿಸುತ್ತಾರೆ, ಅದು ಮತದಾನದ ಮೇಲೆ ಬೀರಿದ ಪ್ರಭಾವವನ್ನು ರಾಜಕೀಯ ಪಂಡಿತರು ಲೆಕ್ಕ ಹಾಕುತ್ತಾರೆ. ಆದರೆ ಚಿತ್ರ ನೋಡುತ್ತ ಅತ್ತವರು, ನಡುವೆಯೇ ಸಿಟ್ಟಿನಿಂದ ಎದ್ದು ಹೋದವರು, ಮನೆಗೆ ಬಂದು ಮನೆಯವರೊಡನೆ ಜಗಳವಾಡಿದವರು ತಮಗಾದ ಅನುಭವವನ್ನು ಹೇಳಿಕೊಂಡರೆ, ಅದು ಅವರವರ ಪೂರ್ವಗ್ರಹದ ಪ್ರತಿಧ್ವನಿಯೆಂದು ಬದಿಗೆ ಸರಿಸಲಾಗುತ್ತದೆ. ಈ ಉಪನ್ಯಾಸ ಅಂಥ ಪ್ರತಿಕ್ರಿಯೆಗಳನ್ನೇ ಮುಖ್ಯ ವಸ್ತುವಾಗಿ ಎತ್ತಿಕೊಳ್ಳುತ್ತದೆ. ಅವು ಕೇವಲ ಪಕ್ಷನಿಷ್ಠೆಯಿಂದ ಹುಟ್ಟುವುದಿಲ್ಲ. ಚಿತ್ರ ಯಾರನ್ನು ನೋಡುಗನಿಗೆ ಪರಿಚಯ ಮಾಡಿಕೊಡುತ್ತದೆ, ಯಾರನ್ನು ಪರಿಚಯವಿಲ್ಲದೆ ತೋರಿಸಿ ದಾಟಿಬಿಡುತ್ತದೆ ಎಂಬುದರಿಂದಲೂ ರೂಪುಗೊಳ್ಳುತ್ತವೆ ಎಂಬುದು ಇಲ್ಲಿ ಪ್ರತಿಪಾದಿಸಲಾಗುವ ವಿಚಾರ. ಅದಕ್ಕೆ ಆಯ್ದುಕೊಂಡ ಉದಾಹರಣೆ ಅಮೆರಿಕದ ಮೈಕೆಲ್ ಮೂರ್ 2004ರಲ್ಲಿ ನಿರ್ಮಿಸಿ ನಿರ್ದೇಶಿಸಿದ ‘ಫ್ಯಾರನ್‌ಹೀಟ್ 9/11’.

ಚಿತ್ರದ ಹೊರಗಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2001ರ ಸೆಪ್ಟೆಂಬರ್ 11ರ ದಾಳಿ, ಅದರ ಬೆನ್ನಿಗೆ ಬಂದ ಅಫ್ಘಾನಿಸ್ತಾನದ ಯುದ್ಧ, 2003ರ ಮಾರ್ಚ್‌ನಲ್ಲಿ ಆರಂಭವಾದ ಇರಾಕ್ ಆಕ್ರಮಣ, ಇವನ್ನು ಅಧ್ಯಕ್ಷ ಜಾರ್ಜ್ ಬುಷ್ ಆಡಳಿತದ ಮೇಲಿನ ಆರೋಪಪಟ್ಟಿಯಾಗಿ ಹೆಣೆದ ಈ ಚಿತ್ರವನ್ನು ಹಂಚಿಕೆ ಮಾಡದಂತೆ ಡಿಸ್ನಿ ಸಂಸ್ಥೆ ತನ್ನ ಅಧೀನದಲ್ಲಿದ್ದ ಮಿರಾಮ್ಯಾಕ್ಸ್ ಕಂಪನಿಯನ್ನು ತಡೆಯಿತು. ಮಿರಾಮ್ಯಾಕ್ಸ್‌ನ ಮುಖ್ಯಸ್ಥರು ಹಕ್ಕನ್ನು ತಾವೇ ಕೊಂಡು ಬೇರೆ ಸಂಸ್ಥೆಗಳ ಮೂಲಕ ಬಿಡುಗಡೆ ಮಾಡಿಸಿದರು. 2004ರ ಮೇ ತಿಂಗಳಲ್ಲಿ ಕ್ವೆಂಟಿನ್ ಟರಂಟಿನೊ ಅಧ್ಯಕ್ಷತೆಯ ತೀರ್ಪುಗಾರರ ಮಂಡಳಿ ಇದಕ್ಕೆ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ‘ಪಾಮ್ ದೋರ್’ ನೀಡಿತು. 1956ರಲ್ಲಿ ಕಡಲಾಳವನ್ನು ಕುರಿತ ‘ದಿ ಸೈಲೆಂಟ್ ವರ್ಲ್ಡ್’ ಅದನ್ನು ಪಡೆದ ಮೇಲೆ ಯಾವ ಸಾಕ್ಷ್ಯಚಿತ್ರಕ್ಕೂ ಆ ಗೌರವ ಸಂದಿರಲಿಲ್ಲ. ಜೂನ್ ತಿಂಗಳಲ್ಲಿ 868 ಚಿತ್ರಮಂದಿರಗಳಲ್ಲಿ ತೆರೆಕಂಡು, ಮೊದಲ ವಾರಾಂತ್ಯದಲ್ಲೇ ಸುಮಾರು 2.39 ಕೋಟಿ ಡಾಲರ್ ಗಳಿಸಿದ ಇದು, ಜಗತ್ತಿನಾದ್ಯಂತ 22 ಕೋಟಿ ಡಾಲರಿಗೂ ಹೆಚ್ಚು ಹಣ ತಂದಿತು. ಸುಮಾರು 60 ಲಕ್ಷ ಡಾಲರ್ ವೆಚ್ಚದ ಸಾಕ್ಷ್ಯಚಿತ್ರವೊಂದಕ್ಕೆ ಇಂಥ ಗಳಿಕೆ ಅದುವರೆಗೆ ಕಂಡುಕೇಳರಿಯದ್ದು. ಆದರೂ ಮೂರ್ ಬಹಿರಂಗವಾಗಿ ಬಯಸಿದ್ದ ಫಲ ದೊರೆಯಲಿಲ್ಲ. ನವೆಂಬರ್‌ನ ಚುನಾವಣೆಯಲ್ಲಿ ಬುಷ್ ಮತ್ತೆ ಗೆದ್ದರು. ಆ ಗೆಲುವಿನ ಆಧಾರದ ಮೇಲೆ ಚಿತ್ರ ವಿಫಲವಾಯಿತೆಂದು ಹೇಳುವವರಿದ್ದಾರೆ. ಚುನಾವಣಾ ಫಲಿತಾಂಶದಿಂದ ಚಿತ್ರವೊಂದರ ಬೆಲೆ ಕಟ್ಟುವ ಈ ಕ್ರಮ ನೋಡುಗನ ಮನಸ್ಸಿನಲ್ಲಿ ನಡೆದದ್ದನ್ನು ಕೇಳುವ ಗೋಜಿಗೇ ಹೋಗುವುದಿಲ್ಲ.

ಪ್ರತಿಕ್ರಿಯೆಗಳು ಎರಡು ಪಾಳೆಯಗಳಾಗಿ ಒಡೆದದ್ದು ನಿಜ. ಚಪ್ಪಾಳೆ ತಟ್ಟಿದವರೂ ಇದ್ದರು, ಚಿತ್ರಮಂದಿರಗಳು ಇದನ್ನು ತೋರಿಸಕೂಡದೆಂದು ಒತ್ತಡ ತಂದವರೂ ಇದ್ದರು. ಇರಾಕ್ ಆಕ್ರಮಣವನ್ನು ಬೆಂಬಲಿಸಿದ್ದ ಲೇಖಕ ಕ್ರಿಸ್ಟೋಫರ್ ಹಿಚೆನ್ಸ್ ಇದನ್ನು ಕಟುವಾಗಿ ಖಂಡಿಸಿ ಬರೆದರು. ತಮ್ಮ 1953ರ ಕಾದಂಬರಿ ‘ಫ್ಯಾರನ್‌ಹೀಟ್ 451’ರ ಹೆಸರನ್ನು ಕೇಳದೆ ಬಳಸಿಕೊಂಡದ್ದಕ್ಕೆ ರೇ ಬ್ರಾಡ್ಬರಿ ಬೇಸರಪಟ್ಟರು. ಮಿತ್ರರಾಷ್ಟ್ರವಾದ ಸೌದಿ ಅರೇಬಿಯಾಕ್ಕೆ ಅವಮಾನವಾಗುತ್ತದೆಂದು ಕುವೈತ್ ಸರ್ಕಾರ ಚಿತ್ರವನ್ನು ನಿಷೇಧಿಸಿತು. ಇವೆಲ್ಲಕ್ಕಿಂತ ದೂರಗಾಮಿಯಾದ ಪ್ರತಿಕ್ರಿಯೆ ‘ಸಿಟಿಜನ್ಸ್ ಯುನೈಟೆಡ್’ ಎಂಬ ಬಲಪಂಥೀಯ ಸಂಘಟನೆಯದು. ಚುನಾವಣೆಯ ಹೊತ್ತಿನಲ್ಲಿ ಈ ಚಿತ್ರದ ಜಾಹೀರಾತು ಕಾನೂನುಬಾಹಿರವೆಂದು ಅದು ಅಮೆರಿಕದ ಚುನಾವಣಾ ಆಯೋಗಕ್ಕೆ ಕೊಟ್ಟ ದೂರು ತಿರಸ್ಕೃತವಾದ ಮೇಲೆ, ತಾನೇ ರಾಜಕೀಯ ಚಿತ್ರಗಳನ್ನು ತಯಾರಿಸತೊಡಗಿತು. ಹಿಲರಿ ಕ್ಲಿಂಟನ್ ವಿರುದ್ಧ ಅದು ತೆಗೆದ ಚಿತ್ರದ ಮೊಕದ್ದಮೆಯಲ್ಲೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2010ರ ಜನವರಿಯಲ್ಲಿ, ಕಂಪನಿಗಳು ಚುನಾವಣಾ ಪ್ರಚಾರಕ್ಕೆ ಸ್ವತಂತ್ರವಾಗಿ ಮಾಡುವ ವೆಚ್ಚಕ್ಕೆ ಮಿತಿ ಹಾಕಲಾಗದೆಂಬ ತೀರ್ಪನ್ನು ನೀಡಿತು. ಒಂದು ಯುದ್ಧವಿರೋಧಿ ಚಿತ್ರದ ಮೇಲಿನ ಸಿಟ್ಟು ಆ ದೇಶದ ಚುನಾವಣೆಗಳಲ್ಲಿ ಹಣದ ಪಾತ್ರವನ್ನೇ ಬದಲಿಸಿದ ತೀರ್ಪಿನವರೆಗೆ ಹರಿದ ಈ ಸಂಗತಿ, ಪ್ರತಿಕ್ರಿಯೆಗಳನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಸಾಕಷ್ಟು ಪ್ರಮಾಣ.

ಈಗ ಚಿತ್ರದ ಒಳಗೆ ಬರಬಹುದು. ಸಾಕ್ಷ್ಯಚಿತ್ರದ ಮುಖ್ಯ ಸಾಧನಗಳು ಎರಡು: ತೆಗೆದ ದೃಶ್ಯಗಳನ್ನು ಆಯ್ದು ಒಂದರ ಪಕ್ಕ ಒಂದನ್ನಿಟ್ಟು ಅರ್ಥ ಹುಟ್ಟಿಸುವ ಸಂಕಲನ, ಮತ್ತು ತೆರೆಯ ಮೇಲೆ ಕಾಣದ ದನಿಯೊಂದು ಆ ದೃಶ್ಯಗಳನ್ನು ವಿವರಿಸುತ್ತ ಹೋಗುವ ಹಿನ್ನೆಲೆ ನಿರೂಪಣೆ. ಮೂರ್ ಎರಡರಲ್ಲೂ ನಿಪುಣರು, ಆದರೆ ಅವರ ನಿರೂಪಣೆ ಅನೇಕ ಕಡೆ ಸಂಕಲನಕ್ಕೆ ಅಡ್ಡ ಬರುತ್ತದೆ. ಸೆಪ್ಟೆಂಬರ್ 11ರ ಬೆಳಗ್ಗೆ ಫ್ಲಾರಿಡಾದ ಸರಸೋಟಾದ ಶಾಲೆಯೊಂದರಲ್ಲಿ ಮಕ್ಕಳ ಓದನ್ನು ಕೇಳುತ್ತ ಕುಳಿತಿದ್ದ ಬುಷ್‌ಗೆ ಎರಡನೆಯ ಗೋಪುರಕ್ಕೂ ವಿಮಾನ ಬಡಿದ ಸುದ್ದಿಯನ್ನು ಕಿವಿಯಲ್ಲಿ ಹೇಳಿದ ಮೇಲೂ ಅವರು ಸುಮಾರು ಏಳು ನಿಮಿಷ ಅಲ್ಲಿಂದ ಏಳಲಿಲ್ಲ. ಕಣ್ಣು ಎಲ್ಲೋ ನೆಟ್ಟ ಆ ಮುಖವೇ ನೋಡುಗನಿಗೆ ಬೇಕಾದಷ್ಟನ್ನು ಹೇಳುತ್ತದೆ. ಬೆಂಬಲಿಗನಿಗೆ ಅದು ಗಾಂಭೀರ್ಯವಾಗಿ, ವಿರೋಧಿಗೆ ದಿಗ್ಭ್ರಮೆಯಾಗಿ ಕಾಣಬಹುದು. ಮಕ್ಕಳ ಮುಂದೆ ಶಾಂತವಾಗಿರಬೇಕೆಂಬುದು ತಮ್ಮ ಸಹಜ ಪ್ರವೃತ್ತಿಯಾಗಿತ್ತೆಂದು ಬುಷ್ ಆಮೇಲೆ ದಾಳಿಯ ತನಿಖಾ ಆಯೋಗಕ್ಕೆ ತಿಳಿಸಿದರು. ಮೂರ್ ಮಾತ್ರ ಆ ಕ್ಷಣದಲ್ಲಿ ಅಧ್ಯಕ್ಷರ ತಲೆಯೊಳಗೆ ಏನು ನಡೆಯುತ್ತಿದ್ದಿರಬಹುದೆಂದು ತಮ್ಮ ದನಿಯಲ್ಲೇ ಊಹಿಸತೊಡಗುತ್ತಾರೆ. ಅಲ್ಲಿಂದ ನೋಡುಗ ಸಾಕ್ಷಿಯಾಗಿ ಉಳಿಯದೆ, ವಕೀಲನ ವಾದಕ್ಕೆ ತಲೆದೂಗುವವನೋ ತಲೆಯಾಡಿಸುವವನೋ ಆಗುತ್ತಾನೆ.

ಇನ್ನೊಂದು ದೋಷ ಇದಕ್ಕಿಂತ ಭಾರಿಯಾದದ್ದು. ದಾಳಿಯ ನಂತರ ಬಿನ್ ಲಾದೆನ್ ಕುಟುಂಬದವರೂ ಸೇರಿ ಸೌದಿ ಪ್ರಜೆಗಳು ಅಮೆರಿಕದಿಂದ ವಿಮಾನದಲ್ಲಿ ಹೊರಟುಹೋದದ್ದನ್ನು ಚಿತ್ರ ದಟ್ಟವಾದ ಸಂಶಯದ ವಾತಾವರಣದಲ್ಲಿ ಹೇಳುತ್ತದೆ. ಸೆಪ್ಟೆಂಬರ್ 13ರ ನಂತರ ಎಂದು ದಿನಾಂಕವನ್ನು ನಮೂದಿಸಿದರೂ, ಬೇರೆ ಯಾರಿಗೂ ಇಲ್ಲದ ಸೌಲಭ್ಯ ಅವರಿಗೆ ಒದಗಿತೆಂಬ ಭಾವನೆಯನ್ನೇ ಅದು ಬಿತ್ತುತ್ತದೆ. 2004ರ ಜುಲೈನಲ್ಲಿ ಪ್ರಕಟವಾದ ತನಿಖಾ ಆಯೋಗದ ವರದಿ, ವಾಯುಮಾರ್ಗ ಮತ್ತೆ ತೆರೆಯುವ ಮುನ್ನ ಅಂಥ ವಿಮಾನಗಳು ದೇಶ ಬಿಟ್ಟದ್ದಕ್ಕೆ ಆಧಾರವಿಲ್ಲವೆಂದು ದಾಖಲಿಸಿತು. ಹೇಳದೆಯೇ ನಂಬಿಸುವ ಈ ಕೌಶಲ ಯುದ್ಧವಿರೋಧದ ಕೆಲಸಕ್ಕೆ ದ್ರೋಹ ಬಗೆಯುತ್ತದೆ, ಏಕೆಂದರೆ ಇರಾಕ್ ಆಕ್ರಮಣದ ಸಮರ್ಥಕರು ನಡೆದುಕೊಂಡದ್ದೂ ಇದೇ ಬಗೆಯಲ್ಲಿ: ಸದ್ದಾಂ ಹುಸೇನ್‌ಗೂ ಸೆಪ್ಟೆಂಬರ್ 11ಕ್ಕೂ ನಂಟನ್ನು ನೇರವಾಗಿ ಸಾಧಿಸದೆ, ಎರಡು ಹೆಸರುಗಳನ್ನು ಮತ್ತೆಮತ್ತೆ ಒಟ್ಟಿಗೆ ಉಚ್ಚರಿಸುವುದರಿಂದ.

ಹಾಗಿದ್ದರೂ ಚಿತ್ರದ ಮೂರು ಭಾಗಗಳು ಪಾಳೆಯಗಳನ್ನು ದಾಟಿ ನೋಡುಗರನ್ನು ಮುಟ್ಟುತ್ತವೆ. ಮೊದಲನೆಯದು ದಾಳಿಯ ಚಿತ್ರಣ. ಗೋಪುರಗಳಿಗೆ ವಿಮಾನ ಬಡಿಯುವ ಆ ದೃಶ್ಯ ಆ ಹೊತ್ತಿಗೆ ಜಗತ್ತಿನ ಮನೆಮನೆಯ ಟೆಲಿವಿಷನ್ನಿನಲ್ಲೂ ಸವೆದುಹೋಗಿತ್ತು. ಮೂರ್ ಅದನ್ನು ತೋರಿಸುವುದೇ ಇಲ್ಲ. ತೆರೆ ಕಪ್ಪಾಗುತ್ತದೆ, ಸದ್ದು ಮಾತ್ರ ಕೇಳುತ್ತದೆ, ಆಮೇಲೆ ಮೇಲಕ್ಕೆ ನೋಡುತ್ತಿರುವ ಮುಖಗಳೂ ಬೂದಿಯೊಡನೆ ತೇಲುವ ಕಾಗದಗಳೂ ಕಾಣುತ್ತವೆ. ಎರಡನೆಯದು ಮೂರ್ ಅವರ ಹುಟ್ಟೂರಾದ ಮಿಷಿಗನ್ ರಾಜ್ಯದ ಫ್ಲಿಂಟ್ ಕಡೆಯದು. ಜನರಲ್ ಮೋಟರ್ಸ್ ಕಾರ್ಖಾನೆಗಳು ಮುಚ್ಚಿ ಬಡತನಕ್ಕಿಳಿದ ಆ ಊರಿನ ಸುತ್ತ, ಮರೀನ್ ದಳದ ಇಬ್ಬರು ನೇಮಕಾತಿ ಸೈನಿಕರು ಶ್ರೀಮಂತರ ಮಾಲನ್ನು ಬಿಟ್ಟು ಬಡವರ ಮಾಲಿನಲ್ಲಿ ತರುಣರನ್ನು ಹುಡುಕುತ್ತಾರೆ. ಯುದ್ಧಕ್ಕೆ ಹೋಗುವವರು ಯಾರ ಮಕ್ಕಳು ಎಂಬ ಪ್ರಶ್ನೆಗೆ ಅಂಕಿಅಂಶಗಳಿಗಿಂತ ಸ್ಪಷ್ಟವಾದ ಉತ್ತರ ಅಲ್ಲಿದೆ.

ಮೂರನೆಯದು ಅದೇ ಊರಿನ ತಾಯಿ ಲೈಲಾ ಲಿಪ್ಸ್‌ಕೂಂಬ್ ಅವರ ಕಥನ, ಚಿತ್ರದ ಹೃದಯವಿರುವುದು ಅಲ್ಲಿ. ಉದ್ಯೋಗ ಕೊಡಿಸುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ, ಮನೆಯ ಮುಂದೆ ದಿನವೂ ರಾಷ್ಟ್ರಧ್ವಜ ಹಾರಿಸುತ್ತಿದ್ದ, ಸೇನೆ ಸೇರುವುದು ಬಡಮಕ್ಕಳಿಗೆ ಒಳ್ಳೆಯ ದಾರಿಯೆಂದು ಹೇಳುತ್ತ ಬಂದ, ಯುದ್ಧವನ್ನು ವಿರೋಧಿಸುವವರನ್ನು ಕಂಡರೆ ಒಂದು ಕಾಲದಲ್ಲಿ ಸಹಿಸದಿದ್ದ ಈ ಹೆಂಗಸಿನ ಮಗ 2003ರ ಏಪ್ರಿಲ್ ಆರಂಭದಲ್ಲಿ ಇರಾಕಿನ ಕರ್ಬಲಾ ಬಳಿ ಹೆಲಿಕಾಪ್ಟರ್ ಪತನದಲ್ಲಿ ಸತ್ತ. ಯುದ್ಧವನ್ನು ಪ್ರಶ್ನಿಸಿ ಅವನು ಬರೆದಿದ್ದ ಕೊನೆಯ ಪತ್ರವನ್ನು ಆಕೆ ಮನೆಯವರ ನಡುವೆ ಕುಳಿತು ಓದುತ್ತಾರೆ. ಮೂರ್ ಇಲ್ಲಿ ಬಹುಮಟ್ಟಿಗೆ ಮೌನವಾಗಿದ್ದಾರೆ. ಬಳಿಕ ಆಕೆ ವಾಷಿಂಗ್ಟನ್ನಿಗೆ ಬಂದು ಶ್ವೇತಭವನದ ಎದುರು ನಿಂತಾಗ, ದಾರಿಹೋಕ ಹೆಂಗಸೊಬ್ಬಳು ಇದೆಲ್ಲ ನಾಟಕವೆಂದು ಕೂಗುತ್ತಾಳೆ. ತನ್ನ ಮಗನ ಸಾವು ನಾಟಕವಲ್ಲವೆಂದು ತಾಯಿ ತಿರುಗಿ ಹೇಳುತ್ತಾಳೆ. ಸಾಕ್ಷ್ಯಚಿತ್ರಕ್ಕೆ ಬರುವ ಅತಿ ಸಾಮಾನ್ಯ ಆಕ್ಷೇಪ ಹೀಗೆ ಚಿತ್ರದ ಒಳಗೇ, ಮಗನನ್ನು ಕಳೆದುಕೊಂಡವಳ ಮುಖಕ್ಕೆ ನೇರವಾಗಿ ಬಂದು ತಗಲುತ್ತದೆ. ಚಿತ್ರವನ್ನು ಸುಳ್ಳೆಂದು ತಳ್ಳಿಹಾಕಲು ಸಿದ್ಧನಾಗಿ ಬಂದ ನೋಡುಗ ಆ ಕ್ಷಣದಲ್ಲಿ ತನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕಾಗುತ್ತದೆ.

ಈ ಅನುಭವವನ್ನು ಗ್ರಹಿಸಲು ಭಾರತೀಯ ಕಾವ್ಯಮೀಮಾಂಸೆ ಒಂದು ದಾರಿ ತೋರಿಸುತ್ತದೆ. ನಾಟಕ ಅಥವಾ ಕಾವ್ಯದಲ್ಲಿ ಪಾತ್ರದ ಶೋಕ ಇಂಥವನದು, ಇಂಥ ಕಾಲದ್ದು, ಇಂಥ ಊರಿನದು ಎಂಬ ಕಟ್ಟನ್ನು ಕಳಚಿಕೊಂಡು ಎಲ್ಲರಿಗೂ ಸಲ್ಲುವಂತಾಗುವ ಕ್ರಿಯೆಯನ್ನು ಭಟ್ಟನಾಯಕನೂ ಅವನ ನಂತರ ಅಭಿನವಗುಪ್ತನೂ ಸಾಧಾರಣೀಕರಣವೆಂದು ಕರೆದರು. ಹಾಗಾದಾಗ ಮಾತ್ರ ಶೋಕವೆಂಬ ಸ್ಥಾಯಿಭಾವ ಕರುಣರಸವಾಗಿ ಆಸ್ವಾದ್ಯವಾಗುತ್ತದೆ. ನೋಡುಗ ತನ್ನ ಸುಖದುಃಖಗಳಲ್ಲೇ ಮುಳುಗಿರುವುದು, ಕಾಣುತ್ತಿರುವ ದುಃಖವನ್ನು ತನ್ನದೆಂದೋ ಇನ್ನೊಬ್ಬ ನಿರ್ದಿಷ್ಟ ವ್ಯಕ್ತಿಯದೆಂದೋ ಗಂಟುಹಾಕುವುದು ಅಭಿನವಗುಪ್ತನ ಪ್ರಕಾರ ರಸವಿಘ್ನಗಳು, ಅಂದರೆ ರಸಾನುಭವಕ್ಕೆ ಬರುವ ಅಡ್ಡಿಗಳು. ಯುದ್ಧದ ಸಾಕ್ಷ್ಯಚಿತ್ರ ಈ ಅಡ್ಡಿಗಳನ್ನು ನಿವಾರಿಸುವುದಿಲ್ಲ, ಉದ್ದೇಶಪೂರ್ವಕವಾಗಿ ಉಳಿಸಿಕೊಳ್ಳುತ್ತದೆ. ತೆರೆಯ ಮೇಲಿನ ತಾಯಿ ನಟಿಯಲ್ಲ, ಸತ್ತ ಮಗ ಪಾತ್ರವಲ್ಲ, ಚಿತ್ರ ತೆರೆಕಂಡಾಗ ಯುದ್ಧ ಮುಗಿದಿರಲಿಲ್ಲ, ಅದಕ್ಕೆ ಹಣ ಬರುತ್ತಿದ್ದುದು ನೋಡುಗ ಕೊಟ್ಟ ತೆರಿಗೆಯಿಂದ. ಅಲ್ಲಿ ಶೋಕ ರಸವಾಗಿ ಮಾಗುವುದಿಲ್ಲ, ಶೋಕವಾಗಿಯೇ ಉಳಿದು ನೋಡುಗನಿಂದ ಏನನ್ನೋ ಕೇಳುತ್ತದೆ. ಇಂಥ ಚಿತ್ರಕ್ಕೆ ವೈಯಕ್ತಿಕವಾಗಿ ಪ್ರತಿಕ್ರಿಯಿಸುವವನನ್ನು ಅಪಕ್ವ ರಸಿಕನೆಂದು ಕರೆಯುವುದು ಆದ್ದರಿಂದ ತಪ್ಪು. ಚಿತ್ರ ಅವನನ್ನು ಕೂರಿಸಿಕೊಂಡದ್ದೇ ಆ ಪ್ರತಿಕ್ರಿಯೆಗಾಗಿ.

ಆದರೆ ಇಲ್ಲಿಯೇ ಚಿತ್ರದ ಅತಿ ಗಂಭೀರ ಕೊರತೆಯೂ ಬಯಲಾಗುತ್ತದೆ. ಆಕ್ರಮಣಕ್ಕೆ ಮುನ್ನಿನ ಇರಾಕನ್ನು ಮೂರ್ ಗಾಳಿಪಟ ಹಾರಿಸುವ ಮಕ್ಕಳು, ನಗುವ ಜನ, ಇಂಥ ಕೆಲವೇ ದೃಶ್ಯಗಳಲ್ಲಿ ತೋರಿಸಿ, ತಟ್ಟನೆ ಬಾಂಬುಗಳಿಗೆ ಹೊರಳುತ್ತಾರೆ. ಸದ್ದಾಂ ಆಳ್ವಿಕೆಯ ಕ್ರೌರ್ಯವನ್ನು, 1988ರಲ್ಲಿ ಹಲಬ್ಜಾದ ಕುರ್ದ್ ಜನರ ಮೇಲೆ ನಡೆದ ವಿಷಾನಿಲದ ದಾಳಿಯಂಥದನ್ನು, ಅವರು ಮರೆಮಾಚಿದರೆಂದು ಹಿಚೆನ್ಸ್ ಮೊದಲಾದವರು ಆಕ್ಷೇಪಿಸಿದ್ದು ನ್ಯಾಯವೇ. ಆದರೆ ಗಾಳಿಪಟದ ದೃಶ್ಯದ ನಿಜವಾದ ತೊಡಕು ರಾಜಕೀಯದ್ದಲ್ಲ. ಆ ಮಕ್ಕಳಲ್ಲಿ ಒಬ್ಬರ ಹೆಸರೂ ನೋಡುಗನಿಗೆ ತಿಳಿಯುವುದಿಲ್ಲ ಎಂಬುದು. ಬಾಂಬು ಬಿದ್ದ ಮೇಲೆ ಇರಾಕಿ ಹೆಂಗಸೊಬ್ಬಳು ಒಡೆದ ಮನೆಗಳ ಮುಂದೆ ನಿಂತು, ತಮ್ಮವರ ಸಾವುಗಳನ್ನು ಹೇಳಿಕೊಂಡು, ಇದನ್ನು ಮಾಡಿದವರ ಮನೆಗಳನ್ನು ದೇವರು ನೆಲಸಮ ಮಾಡಲೆಂದು ಶಪಿಸುತ್ತಾಳೆ. ಇಡೀ ಚಿತ್ರದಲ್ಲಿ ಅಷ್ಟು ಉರಿಯುವ ಮಾತು ಬೇರೆ ಯಾರೂ ಆಡುವುದಿಲ್ಲ. ಆಕೆ ಬಂದಷ್ಟೇ ವೇಗದಲ್ಲಿ ತೆರೆಯಿಂದ ಮರೆಯಾಗುತ್ತಾಳೆ. ಆಕೆಯ ಹೆಸರೇನು, ಆಕೆ ಯಾವ ಕೆಲಸ ಮಾಡುತ್ತಿದ್ದಳು, ಯುದ್ಧಕ್ಕೆ ಮುನ್ನ ಯಾವ ನಂಬಿಕೆಗಳನ್ನು ಇಟ್ಟುಕೊಂಡಿದ್ದಳು, ಸತ್ತವರಲ್ಲಿ ಯಾರಾದರೂ ಪತ್ರ ಬರೆದಿಟ್ಟಿದ್ದರೇ, ಯಾವುದೂ ಗೊತ್ತಾಗುವುದಿಲ್ಲ. ಫ್ಲಿಂಟ್‌ನ ತಾಯಿಯ ಬಗ್ಗೆ ಇವೆಲ್ಲವೂ ಗೊತ್ತು. ಚಿತ್ರ ನೋಡಿದ ಅಮೆರಿಕನ್ನರು ಯಾರಿಗಾಗಿ ಕಣ್ಣೀರಿಟ್ಟರೆಂದು ಹೇಳಿಕೊಂಡಾಗ ಬಹುಮಟ್ಟಿಗೆ ನೆನೆದದ್ದು ಒಬ್ಬಳನ್ನೇ, ಮತ್ತು ಅದಕ್ಕೆ ಅವರನ್ನು ದೂರುವಂತಿಲ್ಲ. ಯುದ್ಧವನ್ನು ಖಂಡಿಸಲು ಹೊರಟ ಚಿತ್ರವೂ ಆ ಯುದ್ಧ ಮಾಡಿದ್ದ ವಿಂಗಡಣೆಯನ್ನೇ ಅರಿಯದೆ ಒಪ್ಪಿಕೊಂಡಿತ್ತು: ಒಂದು ಕಡೆಯ ಸಾವಿಗೆ ಜೀವನಚರಿತ್ರೆ, ಇನ್ನೊಂದು ಕಡೆಯ ಸಾವಿಗೆ ಬರೀ ಆಕ್ರಂದನ.

ಇದು ಅನಿವಾರ್ಯವಾಗಿತ್ತೇ? ಅದಕ್ಕೂ ಮೂವತ್ತು ವರ್ಷಗಳ ಮೊದಲೇ ಪೀಟರ್ ಡೇವಿಸ್ ನಿರ್ದೇಶಿಸಿದ ‘ಹಾರ್ಟ್ಸ್ ಅಂಡ್ ಮೈಂಡ್ಸ್’ (1974) ವಿಯೆಟ್ನಾಂ ಯುದ್ಧದ ಬಗ್ಗೆ ಬೇರೆ ದಾರಿ ಹಿಡಿದಿತ್ತು. ಮಗನನ್ನು ಕಳೆದುಕೊಂಡೂ ಯುದ್ಧವನ್ನು ಸಮರ್ಥಿಸುವ ಮಸಾಚುಸೆಟ್ಸ್‌ನ ದಂಪತಿಗೂ, ಶವಪೆಟ್ಟಿಗೆಗಳನ್ನು ಮಾಡುತ್ತ ತನ್ನ ಸತ್ತ ಮಕ್ಕಳ ಬಗ್ಗೆ ಹೇಳುವ ವಿಯೆಟ್ನಾಮಿ ಬಡಗಿಗೂ ಅದು ಮಾತನಾಡಲು ಅವಕಾಶ ಕೊಟ್ಟಿತು. ಪೂರ್ವದೇಶದವರಿಗೆ ಜೀವದ ಬೆಲೆ ಕಡಿಮೆಯೆಂಬ ಅರ್ಥದ ಮಾತನ್ನು ಅಮೆರಿಕದ ಜನರಲ್ ವೆಸ್ಟ್‌ಮೋರ್ಲೆಂಡ್ ಆಡುವ ದೃಶ್ಯದ ಪಕ್ಕದಲ್ಲೇ, ಸಮಾಧಿಯ ಬಳಿ ಭಾವಚಿತ್ರ ಹಿಡಿದು ಬಿಕ್ಕುವ ಹುಡುಗನ ದೃಶ್ಯವಿದೆ. ಆ ಜೋಡಣೆ ಕ್ರೂರವೆಂದು ಅಂದು ಟೀಕೆ ಬಂತು. ವಾಸ್ತವವಾಗಿ ಕ್ರೌರ್ಯವಿದ್ದದ್ದು ಆ ಮಾತಿನಲ್ಲಿ, ಜೋಡಣೆಯಲ್ಲಲ್ಲ. 1975ರ ಏಪ್ರಿಲ್‌ನಲ್ಲಿ ಚಿತ್ರಕ್ಕೆ ಆಸ್ಕರ್ ಬಂದಾಗ ನಿರ್ಮಾಪಕ ಬರ್ಟ್ ಷ್ನೈಡರ್ ವೇದಿಕೆಯ ಮೇಲೆ ವಿಯೆಟ್ನಾಂ ಕ್ರಾಂತಿಕಾರಿಗಳ ನಿಯೋಗದ ಸಂದೇಶವನ್ನು ಓದಿದರು. ಅದೇ ಸಮಾರಂಭದಲ್ಲಿ, ಬಾಬ್ ಹೋಪ್ ಅವರ ಒತ್ತಾಯದ ಮೇರೆಗೆ, ಫ್ರಾಂಕ್ ಸಿನಾತ್ರಾ ಆ ಮಾತಿಗೆ ಆಸ್ಕರ್ ಅಕಾಡೆಮಿ ಹೊಣೆಯಲ್ಲವೆಂಬ ಹೇಳಿಕೆಯನ್ನು ಓದಿದರು. ಶತ್ರುವೆಂದು ಕರೆಯಲ್ಪಟ್ಟವರ ದನಿ ಸಭೆಗೆ ಬಂದ ಕೂಡಲೇ ಸಭೆ ತಲ್ಲಣಿಸಿತು.

ಹತ್ತನೆಯ ಶತಮಾನದ ಕೊನೆಯ ಭಾಗದ ರನ್ನನ ‘ಗದಾಯುದ್ಧ’ವನ್ನು ಬಲ್ಲ ಕನ್ನಡದ ಓದುಗನಿಗೆ ಶತ್ರುಪಕ್ಷದ ಶೋಕಕ್ಕೂ ದನಿ ಕೊಡುವುದು ಹೊಸ ಸಂಗತಿಯಲ್ಲ. ರನ್ನ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಭೀಮನ ವಿಜಯವನ್ನು ಹಾಡಲೆಂದೇ ಕಾವ್ಯ ರಚಿಸಿದವನು. ಪಕ್ಷಪಾತ ಅವನ ಕಾವ್ಯದ ಕರಾರಿನಲ್ಲೇ ಇತ್ತು. ಆದರೂ ಸೋತ ದುರ್ಯೋಧನ ಸಂಜಯನೊಡನೆ ಹೆಣಗಳಿಂದ ತುಂಬಿದ ರಣಭೂಮಿಯಲ್ಲಿ ನಡೆದು, ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ ಇವರ ಮುಂದೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಶೋಕಿಸುವುದನ್ನು ಅವನು ವಿಸ್ತಾರವಾಗಿ ಕಟ್ಟಿದ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಹೆಣದ ಮುಂದೆಯೂ ದುರ್ಯೋಧನ ನಿಂತು, ಅಂಥ ವೀರಮರಣ ತನಗೂ ಬರಲೆಂದು ಬಯಸುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ‘ಗದಾಯುದ್ಧ ನಾಟಕಂ’ ರಚಿಸುವಾಗ ದುರ್ಯೋಧನನನ್ನು ದುರಂತ ನಾಯಕನಾಗಿ ಕಂಡದ್ದು ಈ ಶೋಕದ ವಿವರಗಳ ಬಲದಿಂದಲೇ. ಪಕ್ಷ ವಹಿಸಿದ ಕೃತಿಗೂ ಎದುರು ಪಾಳೆಯದ ಸತ್ತವರನ್ನು ಹೆಸರು ಹಿಡಿದು ಕರೆಯುವ ಸಾಮರ್ಥ್ಯ ಇರಬಲ್ಲದೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಬೇಕಿಲ್ಲ. ಮೂರ್ ಪಕ್ಷ ವಹಿಸಿದ್ದಕ್ಕೆ ಆಕ್ಷೇಪವಿಲ್ಲ, ಆ ಯುದ್ಧದ ಬಗ್ಗೆ ಪಕ್ಷ ವಹಿಸದೆ ಇರುವುದೇ ಅಪರಾಧವಾಗುತ್ತಿತ್ತು. ಆಕ್ಷೇಪವಿರುವುದು ಅವರು ರಣಭೂಮಿಯ ಅರ್ಧಭಾಗದಲ್ಲಿ ಮಾತ್ರ ನಡೆದದ್ದಕ್ಕೆ.

ಭಾರತದ ಮಟ್ಟಿಗೆ ಆನಂದ್ ಪಟವರ್ಧನ್ ಅವರ ‘ಜಂಗ್ ಔರ್ ಅಮನ್’ (2002) ಗಡಿಯ ಎರಡೂ ಕಡೆ ನಡೆದ ಚಿತ್ರ. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನಿನಲ್ಲೂ ಪಾಕಿಸ್ತಾನ ಚಾಗೈಯಲ್ಲೂ ನಡೆಸಿದ ಅಣುಪರೀಕ್ಷೆಗಳ ಬಳಿಕ ಅವರು ಪೋಖ್ರಾನಿನ ನೆರೆಯ ಹಳ್ಳಿಗೂ, ಯುರೇನಿಯಂ ಗಣಿಗಳಿರುವ ಜಾದೂಗೋಡಕ್ಕೂ, ಲಾಹೋರಿನ ಶಾಲೆಗೂ ಕ್ಯಾಮೆರಾ ಒಯ್ದರು. ಆ ಶಾಲೆಯಲ್ಲಿ ಬಾಂಬನ್ನು ಆವೇಶದಿಂದ ಸಮರ್ಥಿಸಿ ಭಾಷಣ ಮಾಡಿದ ಹುಡುಗಿಯರು, ಆಮೇಲೆ ಮಾತಿಗೆ ಕುಳಿತಾಗ ತಮ್ಮ ನಿಲುವನ್ನು ತಾವೇ ಪ್ರಶ್ನಿಸಿಕೊಳ್ಳುತ್ತಾರೆ. ತೆರೆಯ ಈಚೆಗಿನ ಭಾರತೀಯ ನೋಡುಗ ಅವರಲ್ಲಿ ತನ್ನೂರಿನ ಚರ್ಚಾಸ್ಪರ್ಧೆಯ ಮಕ್ಕಳನ್ನೇ ಗುರುತಿಸುತ್ತಾನೆ. ಈ ಚಿತ್ರಕ್ಕೆ ಪ್ರಮಾಣಪತ್ರ ನೀಡಬೇಕಾದರೆ ಹಲವು ಭಾಗಗಳನ್ನು ಕತ್ತರಿಸಬೇಕೆಂದು ಸೆನ್ಸಾರ್ ಮಂಡಳಿ ಪಟ್ಟು ಹಿಡಿಯಿತು. ಒಂದು ಕತ್ತರಿಯೂ ಇಲ್ಲದೆ ಅದು ಪ್ರದರ್ಶನಕ್ಕೆ ಅರ್ಹವೆಂದು 2003ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು.

ಇರಾಕಿನ ಕಡೆಯ ಸತ್ತವರಿಗೆ ಹೆಸರು ಕೊಡುವ ಕೆಲಸವನ್ನು ಕೊನೆಗೆ ಇರಾಕಿನವರೇ ಆದ ಅಬ್ಬಾಸ್ ಫಾದೆಲ್ ಮಾಡಿದರು. ಫ್ರಾನ್ಸಿನಲ್ಲಿ ನೆಲೆಸಿದ್ದ ಅವರು ಆಕ್ರಮಣಕ್ಕೆ ಮುನ್ನವೂ ಅದರ ನಂತರವೂ ಬಗ್ದಾದಿನ ತಮ್ಮ ಬಂಧುಗಳ ದಿನಚರಿಯನ್ನು ಚಿತ್ರಿಸಿದರು. ಅವರ ಚಿತ್ರದ ನಡುವಿನಲ್ಲಿರುವವನು ಮಾತುಗಾರ ಹುಡುಗ ಹೈದರ್, ಅವರದೇ ಒಡಹುಟ್ಟಿದವರ ಮಗ. ಆಕ್ರಮಣದ ನಂತರದ ಅರಾಜಕತೆಯಲ್ಲಿ ಅವನು ಗುಂಡಿಗೆ ಬಲಿಯಾದ; ಆ ಮೇಲೆ ಸುಮಾರು ಹತ್ತು ವರ್ಷ ಫಾದೆಲ್ ಆ ದೃಶ್ಯಗಳನ್ನು ಮುಟ್ಟಲಿಲ್ಲ. 2015ರಲ್ಲಿ ಹೊರಬಂದ ‘ಹೋಮ್‌ಲ್ಯಾಂಡ್: ಇರಾಕ್ ಇಯರ್ ಝೀರೋ’ ಐದೂವರೆ ಗಂಟೆಗಿಂತ ಉದ್ದದ, ಎರಡು ಭಾಗಗಳ ಚಿತ್ರ. ಹೈದರ್ ಸಾಯುತ್ತಾನೆಂಬುದನ್ನು ತೆರೆಯ ಮೇಲಿನ ಬರಹ ಮೊದಲ ಭಾಗದಲ್ಲೇ ತಿಳಿಸಿಬಿಡುತ್ತದೆ. ಅಲ್ಲಿಂದ ಮುಂದೆ ಅವನು ಬಾವಿ ತೋಡುವುದನ್ನು ನೋಡುವ, ಟೆಲಿವಿಷನ್ನಿನ ಮುಂದೆ ಕೂರುವ, ದೊಡ್ಡವರಿಗೆ ಎದುರುತ್ತರ ಕೊಡುವ ಪ್ರತಿಯೊಂದು ಸಾಧಾರಣ ಗಳಿಗೆಯನ್ನೂ ನೋಡುಗ ಆ ಅರಿವಿನೊಡನೆ ನೋಡಬೇಕಾಗುತ್ತದೆ. ಇಲ್ಲಿ ಹಿನ್ನೆಲೆ ನಿರೂಪಣೆಯಿಲ್ಲ, ಮೂರ್ ಚಿತ್ರದಲ್ಲಿದ್ದಂತೆ ಅಧ್ಯಕ್ಷರನ್ನು ಅಣಕಿಸುವ ಸಂಗೀತವಿಲ್ಲ. ಸದ್ದಾಂ ಆಳ್ವಿಕೆಯ ಭಯವೂ ಮನೆಮಂದಿ ಆಡಿದ ಮಾತುಗಳಲ್ಲಿ, ಆಡದೆ ಬಿಟ್ಟ ಮಾತುಗಳಲ್ಲಿ ತಿಳಿಯುತ್ತದೆ.

ಅಂಥ ಉದ್ದದ ಚಿತ್ರ ನೂರಾರು ಚಿತ್ರಮಂದಿರಗಳಿಗೆ ಹೋಗಲಾರದು, ಆದರೆ ಚಿತ್ರಸಮಾಜಗಳಿಗೆ ಹೋಗಬಹುದು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸುಚಿತ್ರಾ, ಅದರ ಬೆನ್ನಿಗೇ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ಚಿತ್ರಸಮಾಜ, ಇವು ಬೆಳೆಸಿದ ಪ್ರೇಕ್ಷಕವರ್ಗ ಹಳ್ಳಿಯಲ್ಲೂ ಜಗತ್ತಿನ ಚಿತ್ರಗಳನ್ನು ಕೂತು ನೋಡಿ ಚರ್ಚಿಸಿದ್ದು. ಫಾದೆಲ್ ಮತ್ತು ಮೂರ್ ಇಬ್ಬರ ಚಿತ್ರಗಳನ್ನು ಎರಡು ದಿನಗಳ ಒಂದೇ ಶಿಬಿರದಲ್ಲಿ ತೋರಿಸುವುದಾದರೆ ಫಾದೆಲ್ ಚಿತ್ರವನ್ನು ಮೊದಲು, ಮೂರ್ ಚಿತ್ರವನ್ನು ಮರುದಿನ ತೋರಿಸುವುದು ಲೇಸು. ಬಗ್ದಾದಿನ ಒಂದು ಮನೆಯನ್ನು ಐದೂವರೆ ಗಂಟೆಗೂ ಹೆಚ್ಚು ಕಾಲ ಕಂಡು ಬಲ್ಲವರಾದ ನೋಡುಗರು ಮರುದಿನ ಫ್ಲಿಂಟ್‌ನ ತಾಯಿಗೆ ಮರುಗುವುದರಲ್ಲಿ ಕಡಿಮೆ ಮಾಡಲಾರರು. ಬಾಂಬು ಬಿದ್ದ ಬೀದಿಯಲ್ಲಿ ಶಪಿಸುವ ಹೆಂಗಸು ತೆರೆಗೆ ಬಂದಾಗ ಮಾತ್ರ, ಆಕೆ ಯಾರೆಂದು ಚರ್ಚೆಯ ವೇಳೆ ಅವರು ಕೇಳಿಯೇ ಕೇಳುತ್ತಾರೆ.